ಸೇತುವೆಗೆ ಕಲ್ಲುಂಟು, ಅಂಬಿಗನಿಗೆ?

ಸುರಪುರದಿಂದ ಲಿಂಗಸುಗೂರಿನತ್ತ ಹೊರಟ ಬಸ್ಸು ತಿಂಥಣಿಯ ಬಳಿ ಕೃಷ್ಣೆಯ ಸೇತುವೆ ಏರುತ್ತಿದ್ದಂತೆ ಕಿಟಕಿಗಳಲ್ಲಿ ಕೈಗಳು ಕಾಣಿಸಿಕೊಳ್ಳುತ್ತವೆ. ಒಬ್ಬರು ಕೈಮುಗಿಯುತ್ತಾರೆ. ಇನ್ನೊಬ್ಬರು ಸೆರಗಿನ ಗಂಟು ಬಿಚ್ಚಿ ನಾಣ್ಯವೊಂದನ್ನು ಹೊಳೆಗೆ ಎಸೆಯುತ್ತಾರೆ. ಮಗ್ಗುಲಲ್ಲಿ ಕುಳಿತ ಮಗು ‘ಯಾಕವ್ವಾ?’ ಎಂದರೆ, ‘ಗಂಗಮ್ಮಗ’ ಎಂಬ ಉತ್ತರ ಬರುತ್ತದೆ. ಮಗು ಇನ್ನೊಂದು ಪ್ರಶ್ನೆ ಕೇಳುವುದರೊಳಗೆ ಸೇತುವೆ ಮುಗಿದು, ಕಂಡಕ್ಟರ್ ‘ತಿಂಥಣಿ ಬ್ರಿಡ್ಜ್, ತಿಂಥಣಿ ಬ್ರಿಡ್ಜ್’ ಎಂದು ಕೂಗುತ್ತಾನೆ.

ಈ ಕೂಗನ್ನು ಗಮನಿಸಬೇಕು. ತಿಂಥಣಿ ಯಾದಗಿರಿ ಜಿಲ್ಲೆ ಸುರಪುರ ತಾಲ್ಲೂಕಿನ ಊರು. ಹಿಂದೂ–ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ಮೌನೇಶ್ವರರ ಕ್ಷೇತ್ರ. ಹೊಳೆಯ ಆಚೆ ದಂಡೆ ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿಗೆ ಸೇರಿದ್ದು. ಅಲ್ಲಿಯ ಜಾಗದ ಹೆಸರೇ ‘ತಿಂಥಣಿ ಬ್ರಿಡ್ಜ್’! ಸೇತುವೆಯೊಂದು ತಾನು ಮುಟ್ಟಿದ ನೆಲಕ್ಕೆ ತನ್ನ ಹೆಸರನ್ನೇ ಕೊಟ್ಟುಬಿಟ್ಟಿದೆ. ಆದರೆ ಸೇತುವೆ ಬರುವ ಮುನ್ನವೂ ಜನ ಹೊಳೆ ದಾಟುತ್ತಿದ್ದರಲ್ಲ? ಅವರನ್ನು ದಾಟಿಸಿದವರ ಹೆಸರು ಬಸ್ಸಿನ ಬೋರ್ಡಿನ ಮೇಲೆ ಬರಲಿಲ್ಲ.

ಕಲ್ಲಿನಲ್ಲಿ ನೀರಿನ ಕಥೆ ಬರೆಯುವುದು ಈ ನಾಡಿಗೆ ಹೊಸದೇನಲ್ಲ. ಐಹೊಳೆಯ ಮೇಗುಟಿ ಗುಡಿಯಲ್ಲಿ ಕ್ರಿ.ಶ. 634ರ ಶಾಸನವಿದೆ. ಕವಿ ರವಿಕೀರ್ತಿ ಬರೆದದ್ದು. ಇಮ್ಮಡಿ ಪುಲಿಕೇಶಿ ನೂರಾರು ಹಡಗುಗಳೊಡನೆ ಪಶ್ಚಿಮ ಸಮುದ್ರ ತೀರದ ಪುರಿಯ ಮೇಲೆ ಏರಿಹೋದ ಸಂಗತಿ ಅದರಲ್ಲಿದೆ. ಸಮುದ್ರದಿಂದ ಅಷ್ಟು ದೂರ, ಮಲಪ್ರಭೆಯ ದಡದಲ್ಲಿ ನೌಕಾಯಾನದ ಸ್ಮಾರಕ! ಅದೇ ಮಲಪ್ರಭೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರಿ, ನಾರಾಯಣಪುರದ ಬಸವಸಾಗರವನ್ನು ಹಾಯ್ದು ತಿಂಥಣಿಗೆ ಬರುತ್ತದೆ. ಅರಸನ ಹಡಗುಗಳಿಗೆ ಶಾಸನವಾಯಿತು. ಸುರಪುರದಲ್ಲಿ 1841ರಿಂದ 1853ರವರೆಗೆ ಆಡಳಿತ ನೋಡಿಕೊಂಡ ಮೆಡೋಸ್ ಟೇಲರನಿಗೆ ಅಲ್ಲಿಯ ಗುಡ್ಡದ ಮೇಲಿನ ‘ಟೇಲರ್ ಮಂಜಿಲ್’ ಗುರುತಾಗಿ ಉಳಿಯಿತು. ಹರಿಗೋಲಿನ ಅಂಬಿಗನಿಗೆ ಮಾತ್ರ ಅಂಥ ಕಟ್ಟಡವಿಲ್ಲ.

ಹರಿಗೋಲು ಸಾಮಾನ್ಯ ವಸ್ತುವಲ್ಲ. ಬಿದಿರಿನ ದಬ್ಬೆಗಳನ್ನು ದೊಡ್ಡ ಬುಟ್ಟಿಯಂತೆ ಹೆಣೆದು, ಹೊರಗೆ ತೊಗಲು ಹೊದಿಸಿ ಮಾಡುತ್ತಿದ್ದರು. ಈಗ ತೊಗಲಿನ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇಂಥ ಬುಟ್ಟಿದೋಣಿಗಳನ್ನು ಕಂಡು, ಅವು ಹದಿನೈದಿಪ್ಪತ್ತು ಜನರನ್ನು ಹೊರುತ್ತವೆ, ಬೇಕಾದರೆ ಕುದುರೆ, ಎತ್ತುಗಳನ್ನೂ ದಾಟಿಸುತ್ತವೆ ಎಂದು ಬರೆದಿಟ್ಟ. ಅದಕ್ಕೂ ಬಹಳ ಹಿಂದೆ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಯೂಫ್ರೆಟಿಸ್ ನದಿಯ ತೊಗಲಿನ ದುಂಡು ದೋಣಿಗಳನ್ನು ವರ್ಣಿಸಿದ್ದಾನೆ.

ಬುಟ್ಟಿಯೊಂದು ಇಷ್ಟು ಭಾರ ಹೊರುವುದು ಹೇಗೆ? ಒಂಬತ್ತನೆಯ ತರಗತಿಯ ಆರ್ಕಿಮಿಡೀಸ್ ತತ್ತ್ವವೇ ಸಾಕು. ನೀರಿನ ಮಟ್ಟದಲ್ಲಿ ಎರಡೂವರೆ ಮೀಟರ್ ಅಗಲವಿರುವ ಹರಿಗೋಲನ್ನು ಊಹಿಸಿಕೊಳ್ಳಿ. ಅದರ ವಿಸ್ತೀರ್ಣ ಸುಮಾರು 4.9 ಚದರ ಮೀಟರ್. ಅದು ಒಂದು ಸೆಂಟಿಮೀಟರ್ ಕೆಳಗಿಳಿದರೆ 49 ಲೀಟರ್ ನೀರು ಪಕ್ಕಕ್ಕೆ ಸರಿಯುತ್ತದೆ; ಅದರ ತೂಕ 49 ಕಿಲೋಗ್ರಾಂ. ಅಂದರೆ ಒಬ್ಬ ಮನುಷ್ಯ ಹತ್ತಿದರೆ ಹರಿಗೋಲು ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಮುಳುಗುತ್ತದೆ, ಹತ್ತು ಜನರಾದರೆ ಒಂದು ಗೇಣಿಗಿಂತಲೂ ಕಡಿಮೆ. ಬಂಡೆಗಳು ತುಂಬಿದ, ಆಳ ಕಡಿಮೆಯಿರುವ ಹೊಳೆಗೆ ಇದಕ್ಕಿಂತ ಒಳ್ಳೆಯ ದೋಣಿ ಯಾವುದಿದೆ?

ಆದರೆ ಅದೇ ಲೆಕ್ಕದಲ್ಲಿ ಎಚ್ಚರಿಕೆಯೂ ಇದೆ. ಜನ ಹೆಚ್ಚಾದಷ್ಟೂ ನೀರಿಗೂ ಅಂಚಿಗೂ ನಡುವಿನ ಅಂತರ ಕಡಿಮೆಯಾಗುತ್ತದೆ. ಎಲ್ಲರೂ ಒಂದೇ ಕಡೆ ವಾಲಿದರೆ, ಯಾರಾದರೂ ಗಾಬರಿಯಾಗಿ ಎದ್ದು ನಿಂತರೆ, ನೀರು ಒಳನುಗ್ಗುತ್ತದೆ. ‘ಅಲುಗಾಡಬೇಡ್ರೀ, ಕುಂದರ್ರೀ’ ಎಂಬ ಅಂಬಿಗನ ಗದರಿಕೆ ಸಿಟ್ಟಿನ ಮಾತಲ್ಲ, ಗುರುತ್ವಕೇಂದ್ರದ ಪಾಠ.

ಅವನು ಇನ್ನೊಂದು ಲೆಕ್ಕವನ್ನೂ ಬಲ್ಲ. ಹೊಳೆ 600 ಮೀಟರ್ ಅಗಲವಿದೆ, ಹುಟ್ಟು ಹಾಕುವ ವೇಗ ಸೆಕೆಂಡಿಗೆ ಒಂದು ಮೀಟರ್ ಎಂದಿಟ್ಟುಕೊಳ್ಳಿ. ನೇರ ಎದುರು ದಡಕ್ಕೆ ಮುಖ ಮಾಡಿ ಹೊರಟರೆ ದಾಟಲು ಹತ್ತು ನಿಮಿಷ ಬೇಕು. ಅಷ್ಟರಲ್ಲಿ ಸೆಕೆಂಡಿಗೆ ಒಂದು ಮೀಟರ್ ಹರಿಯುವ ನೀರು ಹರಿಗೋಲನ್ನು 600 ಮೀಟರ್ ಕೆಳಕ್ಕೆ ಒಯ್ದಿರುತ್ತದೆ! ಅದಕ್ಕಾಗಿಯೇ ಅಂಬಿಗ ಹರಿಗೋಲನ್ನು ದಡದುದ್ದಕ್ಕೂ ಮೇಲಕ್ಕೆ ಸಾಗಿಸಿ, ಅಲ್ಲಿಂದ ಹೊಳೆಗೆ ಬಿಡುತ್ತಾನೆ. ಪಠ್ಯಪುಸ್ತಕದಲ್ಲಿ ಬಾಣದ ಗುರುತು ಹಾಕಿ ಕಲಿಸುವ ವೇಗಗಳ ಸಂಕಲನವನ್ನು ಅವನು ತೋಳಿನಿಂದ ಕಲಿತ.

ಇದೆಲ್ಲ ಹಳೆಯ ಕಾಲದ ಮಾತು ಎಂದು ತಳ್ಳಿಹಾಕುವಂತಿಲ್ಲ. ಸುರಪುರ ತಾಲ್ಲೂಕಿನಲ್ಲೇ, ಕೃಷ್ಣೆಯ ನಡುವೆ, ನೀಲಕಂಠರಾಯನ ಗಡ್ಡಿ ಎಂಬ ನಡುಗಡ್ಡೆಯಿದೆ. 2013ರ ಮಳೆಗಾಲದಲ್ಲಿ ಹೊಳೆ ತುಂಬಿ ಬಂದಾಗ ಅಲ್ಲಿಯ ತುಂಬುಗರ್ಭಿಣಿಯೊಬ್ಬಳು ಆಸ್ಪತ್ರೆ ಸೇರಬೇಕೆಂದು ಒಣಗಿದ ಬುರುಡೆಕಾಯಿಗಳನ್ನು ಮೈಗೆ ಕಟ್ಟಿಕೊಂಡು, ಮನೆಯವರ ಆಸರೆಯಲ್ಲಿ ಈಜಿ ದಡ ಸೇರಿದಳು. ಸುದ್ದಿ ಹೊರದೇಶಗಳ ಪತ್ರಿಕೆಗಳವರೆಗೆ ಹೋಯಿತು. ಜಗತ್ತು ಬೆರಗಾಯಿತು. ಬೆರಗಿನ ಜೊತೆಗೆ ನಾಚಿಕೆಯೂ ಆಗಬೇಕಾದ ಸಂಗತಿ ಅದು. ಆ ದಿನ ಅವಳನ್ನು ತೇಲಿಸಿದ್ದು ಬುರುಡೆಯೊಳಗಿನ ಗಾಳಿ, ಮತ್ತು ಹೊಳೆಯ ಮಕ್ಕಳು ತಲೆಮಾರಿನಿಂದ ಉಳಿಸಿಕೊಂಡು ಬಂದ ಈಜು. ಹೊಳೆಯ ವಿದ್ಯೆ ಮರೆತವರಿಗೆ ಅಂಥ ಗಳಿಗೆಯಲ್ಲಿ ಏನು ಗತಿ?

ಅಣೆಕಟ್ಟಿನಿಂದ ‘ಒಂದು ಲಕ್ಷ ಕ್ಯೂಸೆಕ್ ಬಿಡುಗಡೆ’ ಎಂಬ ಸುದ್ದಿಯನ್ನು ಮಕ್ಕಳು ಓದುತ್ತಾರೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28.3 ಲೀಟರ್. ಒಂದು ಲಕ್ಷ ಕ್ಯೂಸೆಕ್ ಎಂದರೆ ಪ್ರತಿ ಸೆಕೆಂಡಿಗೆ 28 ಲಕ್ಷ ಲೀಟರಿಗೂ ಹೆಚ್ಚು ನೀರು! ಈ ಸಂಖ್ಯೆ ಹೊಳೆಯ ದಂಡೆಯಲ್ಲಿ ಎಷ್ಟು ಎತ್ತರಕ್ಕೆ ಬರುತ್ತದೆ ಎಂಬುದು ಮಾತ್ರ ಪತ್ರಿಕೆಯಿಂದ ತಿಳಿಯದು. ಅದನ್ನು ತಿಳಿಸಬಲ್ಲದ್ದು 2009ರ, 2019ರ ಮಹಾಪೂರದ ಮಟ್ಟವನ್ನು ಗೋಡೆಗೋ ಕಂಬಕ್ಕೋ ಹಚ್ಚಿದ ಒಂದು ಗೆರೆ.

ಅಂಬಿಗನಿಗೆ ಸ್ಮಾರಕವೇ ಇಲ್ಲವೆಂದಲ್ಲ. ಹನ್ನೆರಡನೆಯ ಶತಮಾನದ ವಚನಕಾರ ಅಂಬಿಗರ ಚೌಡಯ್ಯನ ಹೆಸರನ್ನು ಹಾವೇರಿ ಜಿಲ್ಲೆಯ ತುಂಗಭದ್ರೆಯ ದಡದಲ್ಲಿರುವ ಚೌಡಯ್ಯದಾನಪುರ ಹೊತ್ತುಕೊಂಡಿದೆ. ಪ್ರತಿ ವರ್ಷ ಜನವರಿ 21ರಂದು ಅವನ ಜಯಂತಿ ನಡೆಯುತ್ತದೆ. ಹುಟ್ಟು ಹಿಡಿದ ಕೈ ವಚನವನ್ನೂ ಬರೆದದ್ದರಿಂದ ಅವನು ಉಳಿದ. ಬರೆಯದವರು?

ಸೇತುವೆಗಳ ಕಲ್ಲಿನಲ್ಲಿ ಶಂಕುಸ್ಥಾಪನೆ ಮಾಡಿದವರು, ಉದ್ಘಾಟಿಸಿದವರು, ಅಧ್ಯಕ್ಷತೆ ವಹಿಸಿದವರು ಎಲ್ಲರೂ ಇರುತ್ತಾರೆ. ಪಕ್ಕದಲ್ಲಿ ಇನ್ನೊಂದು ಚಿಕ್ಕ ಕಲ್ಲಿಗೆ ಜಾಗವಿಲ್ಲವೇ? ಅದರ ಮೇಲೆ ಮೂರೇ ಸಾಲು ಸಾಕು: ಇಲ್ಲಿ ಹರಿಗೋಲು ದಾಟುತ್ತಿತ್ತು, ಇಂಥ ವರ್ಷ ನೀರು ಇಷ್ಟು ಎತ್ತರ ಬಂದಿತ್ತು, ಇಲ್ಲಿ ಸುಳಿಯಿದೆ, ಇಳಿಯಬೇಡಿ. ಹೊಳೆದಂಡೆಯ ಯಾವುದೇ ಶಾಲೆಯ ಮಕ್ಕಳು ರಜೆಯಲ್ಲಿ ಈ ಮೂರು ಸಂಗತಿಗಳನ್ನು ಊರಿನ ಹಿರಿಯರಿಂದ ಕೇಳಿ ಬರೆದುಕೊಳ್ಳಬಹುದು. ಕೇಳಬೇಕಾದ ಅಜ್ಜಂದಿರು ಒಬ್ಬೊಬ್ಬರಾಗಿ ಕಡಿಮೆಯಾಗುತ್ತಿದ್ದಾರೆ. ಕಲ್ಲು ಕಾಯಬಹುದು, ಅವರು ಕಾಯಲಾರರು. ತಂದೆತಾಯಿಗಳು ಇನ್ನೊಂದು ಕೆಲಸ ಮಾಡಬಹುದು: ಮಕ್ಕಳಿಗೆ ಬಲ್ಲವರ ಕೈಯಲ್ಲಿ ಈಜು ಕಲಿಸುವುದು.

ಒಂದು ಕಾಲಕ್ಕೆ ಆ ನಾಣ್ಯ ಹೊಳೆಗೆ ಬೀಳುತ್ತಿರಲಿಲ್ಲ, ದಾಟಿಸಿದವನ ಒದ್ದೆ ಅಂಗೈಗೆ ಬೀಳುತ್ತಿತ್ತು. ಮುಂದಿನ ಸಲ ಬಸ್ಸಿನಲ್ಲಿ ಮಗು ‘ಯಾಕವ್ವಾ?’ ಎಂದು ಕೇಳಿದಾಗ ಗಂಗಮ್ಮನ ಜೊತೆಗೆ ಆ ಅಂಗೈಯನ್ನೂ ಹೆಸರಿಸಿದರೆ, ಸೇತುವೆ ಮುಗಿಯುವುದರೊಳಗೆ ಉತ್ತರವೂ ಪೂರ್ತಿಯಾದೀತು.