ಜೋರ್ಡಾನ್ ದಂಡೆಯ ಪಹರೆ

ಮೊದಲ ಮಹಾಯುದ್ಧ ಅಂದ್ರೆ ಎಲ್ಲರೂ ಹೈಫಾ ಕಥೆಯನ್ನೇ ಕೇಳ್ತಾರೆ. 1918ರ ಸೆಪ್ಟೆಂಬರ್ 23, ಜೋಧ್‌ಪುರದವರು ಊರೊಳಕ್ಕೆ ನುಗ್ಗಿದ್ದು, ನಮ್ಮ ಮೈಸೂರು ಲ್ಯಾನ್ಸರ್ಸ್‌ನವರು ಕಾರ್ಮೆಲ್ ಬೆಟ್ಟ ಹತ್ತಿ ಫಿರಂಗಿ ಹಿಡಿದದ್ದು. ಅದನ್ನ ಹೇಳೋಕೆ ಬೇಕಾದಷ್ಟು ಜನ ಇದ್ದಾರೆ. ನಾನು ಹೇಳೋದು ಅದೇ ವರ್ಷದ ಜುಲೈ ಮಾತು. ಆ ಬೆಂಕಿ ಸ್ವಲ್ಪ ಕೆದಕಿ, ಹತ್ತಿರ ಬನ್ನಿ.

ನಮ್ಮ ಕುದುರೆ ಪಡೆ ಬೆಂಗಳೂರು ಬಿಟ್ಟದ್ದು 1914ರ ಅಕ್ಟೋಬರಲ್ಲಿ. ಸೂಯೆಜ್ ಕಾಲುವೆ ಕಾಯೋದರಲ್ಲೇ ವರ್ಷಗಳು ಕಳೆದವು. ಆಮೇಲೆ ಜೋರ್ಡಾನ್ ಕಣಿವೆ. ಸಮುದ್ರಮಟ್ಟಕ್ಕಿಂತ ಸಾವಿರ ಅಡಿಗೂ ಕೆಳಗಿರೋ ನೆಲ ಅದು. ಜರಡಿ ಹಿಡಿದ ಹಿಟ್ಟಿನಂಥ ಬಿಳೀ ಧೂಳು, ಚೇಳು, ಸೊಳ್ಳೆ, ಮಲೇರಿಯಾ. ಬೇಸಿಗೇಲಿ ಅಲ್ಲಿನ ಜನವೇ ಗುಡ್ಡ ಹತ್ತಿ ಹೋಗೋರು. ನಮ್ಮ ಸೇನಾಪತಿ ಅಲೆನ್ಬಿ ಸಾಹೇಬರು ಮಾತ್ರ ಕುದುರೆ ಪಡೆಯನ್ನ ಅಲ್ಲೇ ಇಟ್ಟರು. ನಾವು ನದಿ ದಾಟಿ ಬರ್ತೀವಿ ಅಂತ ತುರ್ಕರು ನಂಬಬೇಕು, ಸಮುದ್ರದ ಕಡೆ ಅವರ ಗಮನ ಹೋಗಬಾರದು. ಇದು ನಮಗೆ ಆಮೇಲೆ ತಿಳಿದದ್ದು. ಆಗ ಗೊತ್ತಿದ್ದದ್ದು ಪಿಕೆಟ್ ಒಂದೇ.

ಪಿಕೆಟ್ ಅಂದರೆ ದಂಡಿಗಿಂತ ಮುಂದೆ ಹೋಗಿ ಕೂತು ಕಾಯೋ ಪಹರೆ. ಸಂಜೆ ಕುದುರೆಗೆ ನೀರು ಕುಡಿಸಿ ಹೊರಡಬೇಕು. ಕತ್ತಲಾದ ಮೇಲೆ ಜಾಗ ಬದಲಾಯಿಸಬೇಕು, ಹಗಲಲ್ಲಿ ಶತ್ರು ನೋಡಿಟ್ಟುಕೊಂಡಿದ್ರೆ ಅಂತ. ಒಲೆ ಇಲ್ಲ, ಬೀಡಿ ಇಲ್ಲ, ಮಾತಿಲ್ಲ. ಜೀನು ಇಳಿಸೋ ಹಾಗಿಲ್ಲ, ಪಟ್ಟಿ ಒಂದಿಷ್ಟು ಸಡಿಲಿಸಬಹುದು, ಅಷ್ಟೆ. ಅಲ್ಲಿಂದಲೂ ಮುಂದಕ್ಕೆ ಇಬ್ಬಿಬ್ಬರನ್ನ ಕಳಿಸ್ತಿದ್ರು. ಹೊರಡುವಾಗ ಜಮಾದಾರರು ಒಂದೇ ಮಾತು ಹೇಳೋರು: ನೀವು ಕಾದಾಡೋಕೆ ಹೋಗ್ತಿಲ್ಲ, ನೋಡೋಕೆ ಹೋಗ್ತಿದ್ದೀರಿ, ನೋಡಿದ್ದನ್ನ ತಂದು ಮುಟ್ಟಿಸಿ.

ಜುಲೈನ ಆ ಒಂದು ರಾತ್ರಿ ನನ್ನ ಜೋಡಿ ಕೋಲಾರದ ಕಡೆಯ ಸವಾರ, ನನಗಿಂತ ಹಿರಿಯ. ನದಿಯಂಚಿನ ಪೊದೆ ಮರೆಯಲ್ಲಿ ಕುದುರೆ ನಿಲ್ಲಿಸಿ, ಭರ್ಜಿ ಎತ್ತಿದ್ರೆ ಕಾಣುತ್ತೆ ಅಂತ ನೆಲಕ್ಕೆ ಮಲಗಿಸಿ, ಲಗಾಮು ಮೊಳಕೈಗೆ ಸುತ್ತಿಕೊಂಡು ಕೂತ್ವಿ. ಅಂಥ ಕತ್ತಲಲ್ಲಿ ನಮ್ಮ ಕಣ್ಣು ಏನೂ ಕೆಲಸಕ್ಕೆ ಬರೋದಿಲ್ಲ. ಕುದುರೆ ಕಿವಿ ನೋಡ್ತಿರಬೇಕು. ನರಿ ಓಡಿದ್ರೆ ಕಿವಿ ಒಂದು ಸಲ ತಿರುಗಿ ಸುಮ್ಮನಾಗುತ್ತೆ. ಬೇರೆ ಕುದುರೆ ಬಂದ್ರೆ ಕಿವಿ ಎರಡೂ ನೆಟ್ಟಗೆ ನಿಲ್ತವೆ, ಕೆಳಗೆ ಇಳಿಯೋದೇ ಇಲ್ಲ. ಆಗ ಮೂಗಿನ ಮೇಲೆ ಕೈ ಇಡಬೇಕು, ಕೆನೆದರೆ ಕೆಟ್ಟಿತು.

ಬೆಳಗಾಗೋಕೆ ಮುಂಚೆ ಎರಡು ಕುದುರೇದೂ ಕಿವಿ ನಿಂತವು.

ಬೆಳಕು ಹರಿದಾಗ ಕಂಡರು, ತುರ್ಕರ ಸವಾರರು, ಇಪ್ಪತ್ತರ ಮೇಲಿದ್ದರು. ನಾವು ಹಿಂದೆ ಸರಿಯುವಷ್ಟರಲ್ಲಿ ಅವರಿಗೂ ನಾವು ಕಂಡ್ವಿ. ಗುಂಡು ಧೂಳಲ್ಲಿ ಪುಟಿದವು. ಜೋಡಿಯವನ ಕುದುರೆ ಮುಗ್ಗರಿಸಿ ಬಿತ್ತು. ಅವನ ತೊಡೆಗೂ ಗುಂಡು ತಗುಲಿತ್ತು. ನಾನು ಲಗಾಮು ಎಳೆದು ತಿರುಗಿದೆ. ಅವನು ಹಳ್ಳದೊಳಕ್ಕೆ ಉರುಳಿಕೊಳ್ತಾ ಕೂಗಿದ: “ಬರಬೇಡ! ಹೋಗೋ, ಹೇಳೋಗು!”

ಹೋದೆ. ನನ್ನ ಕುದುರೆ ಅಷ್ಟು ವೇಗವಾಗಿ ಓಡಿದ್ದು ಆಮೇಲೆ ಯಾವತ್ತೂ ಇಲ್ಲ. ಅದೇ ತಿಂಗಳ ಹದಿನಾಲ್ಕನೇ ತಾರೀಖು ಜೋರ್ಡಾನ್ ನದಿಯ ಹೆನು ಕಡವಿನ ಹತ್ತಿರ ಜೋಧ್‌ಪುರದವರೂ ನಮ್ಮವರೂ ಭರ್ಜಿ ಹಿಡಿದು ತುರ್ಕರ ಮೇಲೆ ಏರಿಹೋದಾಗ ನಾನೂ ಇದ್ದೆ. ಅದು ಕೂಗು, ಧೂಳು, ಮುಗಿದೇ ಹೋಯ್ತು. ಅವನನ್ನ ಬಿಟ್ಟು ಬಂದ ಆ ದಾರಿ ಮಾತ್ರ ಈಗಲೂ ನನಗೆ ಉದ್ದವೇ.

ಆ ಬೆಳಗ್ಗೆ ಸುದ್ದಿ ಮುಟ್ಟಿಸಿ, ತುಕಡಿ ಕರೆದುಕೊಂಡು ವಾಪಸ್ ಹೋದ್ವಿ. ಎರಡೂ ಕಡೆಯಿಂದ ಸ್ವಲ್ಪ ಹೊತ್ತು ಗುಂಡು ಹಾರಿತು, ತುರ್ಕರು ಹಿಂದೆ ಸರಿದರು. ಹಳ್ಳದಲ್ಲಿ ಅವನಿದ್ದ, ಮುಂಡಾಸಿನ ಬಟ್ಟೆ ಬಿಚ್ಚಿ ತೊಡೆಗೆ ಬಿಗಿದುಕೊಂಡು. ಮುಖ ಪೂರಾ ಬಿಳೀ ಧೂಳು. ಜಮಾದಾರರು ಬಗ್ಗಿ ಹೆಗಲಿಗೆ ಕೈಹಾಕಿ ಎತ್ತೋಕೆ ಹೋದ್ರು. ಅವನು ತಡೆದ.

“ಇವನು ಹೋದ ಮೇಲೆ ಹಿಂದಿಂದ ಇನ್ನೊಂದು ಗುಂಪು ಬಂತು, ಸಾಹೇಬ್ರೆ. ಹನ್ನೆರಡು ಕುದುರೆ. ಬಡಗಲ ಕಡೆಗೆ ಹೋದವು. ಬರ್ಕೊಳ್ಳಿ.”

ಜಮಾದಾರರು ಅಲ್ಲೇ ಕೂತು ಬರ್ಕೊಂಡ್ರು. ಆಮೇಲೆ ಅವನು ನೀರು ಕೇಳಿದ.