ಮಹಾಕಂದರದ ಅಂಚಿನಲ್ಲಿ

ಅಮೆರಿಕದ ಅರಿಜೋನಾ ರಾಜ್ಯದ ಉತ್ತರ ಭಾಗದಲ್ಲಿ ಕೊಲರಾಡೊ ನದಿಯು ನೆಲವನ್ನು ಕೊರೆದು ನಿರ್ಮಿಸಿರುವ ‘ಗ್ರ್ಯಾಂಡ್ ಕ್ಯಾನ್ಯನ್’ ಎಂಬ ಮಹಾಕಂದರದ ಹೆಸರನ್ನು ಕೇಳದವರು ವಿರಳ. ಅದರ ಉದ್ದ ೪೪೬ ಕಿಲೋಮೀಟರು. ಅಗಲ ಕೆಲವೆಡೆ ೨೯ ಕಿಲೋಮೀಟರು. ಆಳ ಸುಮಾರು ಒಂದು ಮೈಲಿ. ಇಷ್ಟನ್ನು ಕೇಳಿದೊಡನೆ, ಇದು ಸಾಹಸಿಗಳಿಗೆ ಮಾತ್ರ ಮೀಸಲಾದ ಸ್ಥಳವೆಂದು ಹಿಂಜರಿಯುವವರುಂಟು. ಕಂದರದೊಳಕ್ಕೆ ಇಳಿದು ಮತ್ತೆ ಹತ್ತಿಬರುವವರ ಮಟ್ಟಿಗೆ ಆ ಮಾತು ನಿಜ. ಅಂಚಿನಗುಂಟ ನಡೆಯುವವರಿಗಾದರೋ ಬೇಕಾದುವು ಎರಡೇ: ಗಟ್ಟಿಯಾದ ಪಾದರಕ್ಷೆ, ಅವಸರವಿಲ್ಲದ ಮನಸ್ಸು. ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗುವ ನಮ್ಮ ತಂದೆತಾಯಿಯರೂ ನಿಶ್ಚಿಂತೆಯಿಂದ ಕೈಗೊಳ್ಳಬಹುದಾದ ಸಂಚಾರವಿದು.

ಕಂದರದ ದಕ್ಷಿಣದ ಅಂಚಿನಲ್ಲಿ ‘ರಿಮ್ ಟ್ರೇಲ್’ ಎಂಬ ಕಾಲುದಾರಿ ಸುಮಾರು ೨೧ ಕಿಲೋಮೀಟರು ಸಾಗುತ್ತದೆ. ಅಷ್ಟನ್ನೂ ನಡೆಯಬೇಕೆಂಬ ನಿರ್ಬಂಧವಿಲ್ಲ. ಯಾವಪೈ ಎಂಬಲ್ಲಿರುವ ಭೂವಿಜ್ಞಾನ ವಸ್ತುಸಂಗ್ರಹಾಲಯದಿಂದ ಹೊರಟು, ವಸತಿಗೃಹಗಳಿರುವ ‘ವಿಲೇಜ್’ವರೆಗೆ ನಡೆದರೆ ಎರಡು ಕಿಲೋಮೀಟರಿಗೆ ತುಸು ಹೆಚ್ಚು. ದಾರಿಗೆ ನೆಲಗಟ್ಟಿದೆ, ಏರಿಳಿತ ಅತ್ಯಲ್ಪ. ಆದರೆ ಈ ಪ್ರದೇಶ ಸಮುದ್ರಮಟ್ಟದಿಂದ ಸುಮಾರು ೨,೧೦೦ ಮೀಟರು, ಎಂದರೆ ನಮ್ಮ ಮುಳ್ಳಯ್ಯನಗಿರಿಯ ನೆತ್ತಿಗಿಂತಲೂ ಎತ್ತರದಲ್ಲಿರುವುದರಿಂದ, ಉಸಿರು ಬೇಗನೆ ಸೋಲುತ್ತದೆ. ನಿಧಾನವಾಗಿ ನಡೆಯುವುದೇ ಲೇಸು.

ನಿಧಾನಕ್ಕೆ ಇನ್ನೊಂದು ಕಾರಣವೂ ಇದೆ. ೨೦೧೦ರಲ್ಲಿ ಈ ದಾರಿಯನ್ನು ‘ಕಾಲದ ಹಾದಿ’ಯಾಗಿ ಅಣಿಗೊಳಿಸಿದರು. ಒಂದೊಂದು ಮೀಟರಿಗೂ ನೆಲದಲ್ಲಿ ಹಿತ್ತಾಳೆಯ ಗುರುತು; ಒಂದು ಮೀಟರೆಂದರೆ ಹತ್ತು ಲಕ್ಷ ವರ್ಷ. ಕಂದರದ ಬೇರೆ ಬೇರೆ ಪದರಗಳ ಶಿಲೆಗಳನ್ನು ತಂದು ಅವುಗಳ ವಯಸ್ಸಿಗೆ ತಕ್ಕ ಸ್ಥಾನದಲ್ಲಿ ನಿಲ್ಲಿಸಿದ್ದಾರೆ, ಮುಟ್ಟಿ ನೋಡಬಹುದು. ನಾವು ತುಳಿಯುತ್ತಿರುವ ಅಂಚಿನ ಸುಣ್ಣಕಲ್ಲು ೨೭೦ನೆಯ ಮೀಟರಿನ ಬಳಿ ಬರುತ್ತದೆ. ತಳದ ಅತಿ ಪುರಾತನ ಶಿಲೆಯನ್ನು ಕಾಣಲು ೧,೮೪೦ ಮೀಟರು ನಡೆಯಬೇಕು. ಇದೇ ಅಳತೆಯಲ್ಲಿ ನಮ್ಮ ಮಾನವಕುಲದ ಸಮಸ್ತ ಚರಿತ್ರೆಯೂ ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ!

ಕಂದರದ ನಡುವೆ ತಲೆಯೆತ್ತಿರುವ ಶಿಖರಗಳಲ್ಲಿ ಕೆಲವಕ್ಕೆ ವಿಷ್ಣು, ಬ್ರಹ್ಮ, ಶಿವರ ದೇವಾಲಯಗಳೆಂಬ ಹೆಸರುಗಳಿವೆ. ೧೮೮೦ರ ದಶಕದಲ್ಲಿ ಈ ಪ್ರದೇಶವನ್ನು ವರ್ಣಿಸಿದ ಭೂವಿಜ್ಞಾನಿ ಕ್ಲಾರೆನ್ಸ್ ಡಟನ್ ಪೌರಸ್ತ್ಯ ದೇವತೆಗಳ ಹೆಸರಿಡುವ ಸಂಪ್ರದಾಯಕ್ಕೆ ನಾಂದಿ ಹಾಡಿದನು. ಹೊತ್ತು ಇಳಿಯುವಾಗ ಆ ಶಿಖರಗಳು ಕೆಂಪಾಗಿ, ಬಳಿಕ ನೇರಳೆಯಾಗಿ, ಕೊನೆಗೆ ಕಂದರದಿಂದ ಮೇಲೇರುವ ನೆರಳಿನಲ್ಲಿ ಮುಳುಗುವ ನೋಟವನ್ನು ಕಂಡವರಿಗೆ ಆ ಹೆಸರುಗಳು ಅಸಂಗತವೆನಿಸುವುದಿಲ್ಲ.

ಇನ್ನು ಪಕ್ಷಿಗಳ ವಿಚಾರ. ದಾರಿಯ ಬದಿಯ ಪೈನ್ ಮರಗಳಲ್ಲಿ ಕಪ್ಪು ಜುಟ್ಟಿನ ನೀಲಿ ಹಕ್ಕಿಯಾದ ಸ್ಟೆಲ್ಲರ್ಸ್ ಜೇ ಗದ್ದಲವೆಬ್ಬಿಸುತ್ತಿರುತ್ತದೆ. ರೇವನ್ ಎಂಬ ದೊಡ್ಡ ಕಾಗೆಗಳು ಗಾಳಿಯಲ್ಲಿ ಲಾಗ ಹಾಕುತ್ತವೆ. ಈ ಅಂಚಿನ ವಿಶೇಷವೇನೆಂದರೆ, ಎಲ್ಲ ಕಡೆಯೂ ಹಕ್ಕಿಯ ಹೊಟ್ಟೆಯನ್ನು ನೋಡುವ ನಾವು ಇಲ್ಲಿ ಅದರ ಬೆನ್ನನ್ನು ನೋಡುತ್ತೇವೆ! ಹಾರಾಟವೆಲ್ಲ ನಮ್ಮ ಕಾಲ ಕೆಳಗೆ ನಡೆಯುತ್ತದೆ.

ನಾವು ವಿಲೇಜ್ ಸಮೀಪಿಸಿದಾಗ ಹಾಗೆಯೇ ಕೆಳಗಿನಿಂದ ಒಂದು ಕಪ್ಪು ಆಕೃತಿ ಮೇಲೇರಿ ಬಂದಿತು. ರೆಕ್ಕೆ ಬಡಿಯಲಿಲ್ಲ, ಅತ್ತಿತ್ತ ವಾಲಲಿಲ್ಲ. ಹಲಗೆಯಂತೆ ನೇರವಾಗಿ ಚಾಚಿದ ರೆಕ್ಕೆಗಳಲ್ಲಿ ತೇಲಿ, ನಮ್ಮ ತಲೆಯ ಮೇಲೆ ಹಾದುಹೋಯಿತು. ರೆಕ್ಕೆಯಡಿಯಲ್ಲಿ ಬಿಳಿಯ ಪಟ್ಟೆ, ಕಿತ್ತಳೆ ಬಣ್ಣದ ಬೋಳುತಲೆ. ರೆಕ್ಕೆಯ ಮೇಲೊಂದು ಬಿಲ್ಲೆ, ಅದರ ಮೇಲೆ ಅಂಕಿ. ಜೊತೆಯಲ್ಲಿದ್ದ ನಮ್ಮ ತಾಯಿಯವರು, “ಇದೇನಪ್ಪ, ಹಕ್ಕಿಗೂ ಬಸ್ಸಿನ ಹಾಗೆ ನಂಬರು ಹಾಕಿದಾರಲ್ಲ!” ಎಂದು ನಕ್ಕರು.

ಆ ಅಂಕಿಯ ಹಿಂದೆ ದೊಡ್ಡ ಕಥೆಯಿದೆ. ಅದು ಕ್ಯಾಲಿಫೋರ್ನಿಯಾ ಕಾಂಡರ್ ಎಂಬ ರಣಹದ್ದು. ರೆಕ್ಕೆಯ ಹರವು ಒಂಬತ್ತೂವರೆ ಅಡಿ. ಹಿಮಯುಗದಲ್ಲಿಯೇ ಈ ಕಂದರದ ಗುಹೆಗಳಲ್ಲಿ ವಾಸಿಸುತ್ತಿದ್ದ ಈ ಪಕ್ಷಿ ೧೯೮೨ರ ವೇಳೆಗೆ ಪ್ರಪಂಚದಲ್ಲೆಲ್ಲ ೨೨ ಮಾತ್ರ ಉಳಿದಿದ್ದಿತು. ೧೯೮೭ರಲ್ಲಿ, ಉಳಿದ ಕಾಡುಹಕ್ಕಿಗಳನ್ನೆಲ್ಲ ಹಿಡಿದು ಮೃಗಾಲಯಗಳಿಗೆ ಒಯ್ದರು. ಆಗ ಒಟ್ಟು ಸಂಖ್ಯೆ ೨೭. ಮರಿಗಳು ಮನುಷ್ಯರಿಗೆ ಒಗ್ಗದಿರಲೆಂದು ಕಾಂಡರಿನ ತಲೆಯಂತಹ ಕೈಗೊಂಬೆಯಿಂದ ಉಣಿಸಿ ಬೆಳೆಸಿದರು. ೧೯೯೬ರಲ್ಲಿ ಅರಿಜೋನಾದ ವರ್ಮಿಲಿಯನ್ ಬಂಡೆಗಳಿಂದ ಆರು ಹಕ್ಕಿಗಳನ್ನು ಹಾರಿಬಿಟ್ಟರು. ೨೦೦೩ರಲ್ಲಿ ಈ ಕಂದರದ ಗೂಡೊಂದರಲ್ಲಿ ಹುಟ್ಟಿದ ಮರಿಯು ತಾನಾಗಿ ರೆಕ್ಕೆ ಬಿಚ್ಚಿತು. ಇಂದು ಕಾಡಿನವೂ ಸೆರೆಯವೂ ಸೇರಿ ಐನೂರಕ್ಕೂ ಹೆಚ್ಚು ಕಾಂಡರುಗಳಿವೆ.

ಕಥೆ ಇಲ್ಲಿಗೆ ಸುಖಾಂತವಾಗಲಿಲ್ಲ. ಬೇಟೆಗಾರರು ಹೊಡೆದ ಪ್ರಾಣಿಯ ಕಳೇಬರದಲ್ಲಿ ಸೀಸದ ಗುಂಡಿನ ಚೂರುಗಳು ಉಳಿಯುತ್ತವೆ. ಅವನ್ನು ನುಂಗಿದ ಹದ್ದು ವಿಷವೇರಿ ಸಾಯುತ್ತದೆ. ಇಂದಿಗೂ ಅವನ್ನು ಹಿಡಿದು, ರಕ್ತ ಪರೀಕ್ಷಿಸಿ, ಚಿಕಿತ್ಸೆ ಮಾಡಿ ಬಿಡುತ್ತಿದ್ದಾರೆ. ೨೦೨೩ರಲ್ಲಿ ಹಕ್ಕಿಜ್ವರದಿಂದ ಈ ಸೀಮೆಯ ೨೧ ಕಾಂಡರುಗಳು ಸತ್ತವು. ಸಾಮಾನ್ಯವಾಗಿ ಎರಡು ವರ್ಷಕ್ಕೊಂದೇ ಮೊಟ್ಟೆಯಿಡುವ ಜೀವಕ್ಕೆ ಅಂತಹ ನಷ್ಟವನ್ನು ತುಂಬಿಕೊಳ್ಳುವುದು ಸುಲಭವಲ್ಲ.

ಕನ್ನಡಿಗರಿಗೆ ಇದು ಪರದೇಶದ ಕಥೆಯಲ್ಲ. ೧೯೯೦ರ ದಶಕದಲ್ಲಿ ನಮ್ಮ ದೇಶದ ರಣಹದ್ದುಗಳು ಲಕ್ಷೋಪಲಕ್ಷವಾಗಿ ಅಳಿದುದಕ್ಕೆ ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ನೋವುನಿವಾರಕವೇ ಮುಖ್ಯ ಕಾರಣವೆಂದು ತಿಳಿದುಬಂದು, ೨೦೦೬ರಲ್ಲಿ ಪಶುಚಿಕಿತ್ಸೆಯಲ್ಲಿ ಅದನ್ನು ನಿಷೇಧಿಸಲಾಯಿತು. ರಾಮನಗರದ ರಾಮದೇವರ ಬೆಟ್ಟ ೨೦೧೨ರಲ್ಲಿ ರಣಹದ್ದುಗಳ ಧಾಮವಾಯಿತು. ಜಟಾಯುವನ್ನು ಪೂಜ್ಯಭಾವದಿಂದ ನೆನೆಯುವ ನಾವು, ಅದರ ವಂಶವನ್ನು ಹೊಲಸು ತಿನ್ನುವ ಹಕ್ಕಿಯೆಂದು ಜರೆದದ್ದೇ ಹೆಚ್ಚು.

ಮಹಾಕಂದರಕ್ಕೆ ಹೋಗುವವರು ವಸಂತದಲ್ಲೋ ಬೇಸಿಗೆಯಲ್ಲೋ ಹೋದರೆ ಕಾಂಡರ್ ಕಾಣುವ ಸಂಭವ ಹೆಚ್ಚು. ದುರ್ಬೀನು, ಟೋಪಿ, ಸಾಕಷ್ಟು ನೀರು ಜೊತೆಯಲ್ಲಿರಲಿ. ಹಲವೆಡೆ ಅಂಚಿಗೆ ಕಟಕಟೆಯಿಲ್ಲ; ಮಕ್ಕಳ ಕೈ ಬಿಡಬಾರದು. ಕಾಲು ಸೋತರೆ ಉದ್ಯಾನದವರ ಪುಕ್ಕಟೆ ಬಸ್ಸು ಇದೆ. ಊರಿಗೆ ಮರಳಿದ ಮೇಲೆ, ಒಂದು ಭಾನುವಾರ ಮಕ್ಕಳನ್ನು ರಾಮದೇವರ ಬೆಟ್ಟಕ್ಕೂ ಕರೆದೊಯ್ಯಿರಿ. ಅಲ್ಲಿನ ಬಂಡೆಯ ಮೇಲಿನ ಗೂಡುಗಳಲ್ಲಿ ಉಳಿದಿರುವ ಬೆರಳೆಣಿಕೆಯ ಹದ್ದುಗಳಿಗೆ ನಂಬರಿನ ಬಿಲ್ಲೆ ಕಟ್ಟಬೇಕಾದ ದಿನ ಬಾರದಿರಲಿ.