ತಪ್ಪು ಲೆಕ್ಕ ಯಾರದು?

ಮನೆ ವಿಜಯಪುರದಲ್ಲಿ, ಶಾಲೆ ತಿಕೋಟಾ ಹತ್ತಿರದ ಊರಲ್ಲಿ. ಹೋದ ವರ್ಷ ಫೆಬ್ರುವರಿಯ ಒಂದು ಸಂಜೆ, ಊರಿಗೆ ಮರಳುವ ಬಸ್ಸಿನಲ್ಲಿ ನಾಲ್ಕನೆಯ ತರಗತಿಯ ನೋಟ್‌ಬುಕ್ ತಿದ್ದುತ್ತಿದ್ದೆ. 52ರಲ್ಲಿ 27 ಕಳೆದರೆ ಎಷ್ಟು? 22 ಮಕ್ಕಳಲ್ಲಿ 13 ಮಂದಿ 35 ಎಂದು ಬರೆದಿದ್ದರು. ‘ಎಷ್ಟು ಹೇಳಿದರೂ ಇವರ ತಲೆಗೆ ಹತ್ತುವುದಿಲ್ಲ’ ಎಂದು ಬೇಸರದಿಂದ ಪುಸ್ತಕ ಮುಚ್ಚಿದೆ.

ಮನೆಗೆ ಬಂದ ಮೇಲೆ ಒಂದು ಅನುಮಾನ ಕಾಡಿತು. ತಲೆಗೆ ಹತ್ತದಿದ್ದರೆ ಒಬ್ಬೊಬ್ಬರ ಉತ್ತರ ಒಂದೊಂದು ಥರ ಇರಬೇಕಿತ್ತು. 13 ಮಂದಿಗೂ ಒಂದೇ ತಪ್ಪು ಬಂದದ್ದು ಹೇಗೆ?

ತರಬೇತಿಯಲ್ಲಿ ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದ ‘ಕ್ರಿಯಾ ಸಂಶೋಧನೆ’ ನೆನಪಾಯಿತು. ಅಮೆರಿಕದಲ್ಲಿ ಕರ್ಟ್ ಲೆವಿನ್ 1940ರ ದಶಕದಲ್ಲಿ ಈ ವಿಚಾರವನ್ನು ಬೆಳೆಸಿದರು. 1953ರಲ್ಲಿ ಸ್ಟೀಫನ್ ಕೋರಿ ಇದನ್ನು ಶಾಲೆಗೆ ಅನ್ವಯಿಸಿ ಪುಸ್ತಕ ಬರೆದರು. ಸಾರ ಇಷ್ಟೇ: ತೊಂದರೆ ಗುರುತಿಸು, ಕಾರಣ ಹುಡುಕು, ಉಪಾಯ ಮಾಡಿ ನೋಡು, ಫಲ ಅಳೆ, ಮತ್ತೆ ತಿದ್ದಿಕೋ. ಪಾಠ ಹೇಳುವವರೇ ಇಲ್ಲಿ ಸಂಶೋಧಕರು.

ಮರುದಿನ ಮಕ್ಕಳನ್ನು ಒಬ್ಬೊಬ್ಬರಾಗಿ ಹತ್ತಿರ ಕೂಡಿಸಿಕೊಂಡೆ. ತಪ್ಪು ಎನ್ನದೆ, “ಹ್ಯಾಂಗ ಮಾಡ್ದಿ, ಹೇಳವಾ” ಎಂದೆ.

“ಎರಡರಾಗ ಏಳು ಹೋಗಂಗಿಲ್ರಿ. ಅದಕ್ಕ ಏಳರಾಗ ಎರಡು ಕಳದೇನ್ರಿ. ನೀವ ಹೇಳೀರಲ್ರಿ ಅಕ್ಕೋರ, ಯಾವಾಗ್ಲೂ ದೊಡ್ಡದರಾಗ ಸಣ್ಣದು ಕಳೀಬೇಕಂತ!”

ನನಗೆ ಮಾತೇ ಹೊರಡಲಿಲ್ಲ. ಇವರು ಎರಡನೆಯ ತರಗತಿಯಲ್ಲಿದ್ದಾಗ, ಸುಲಭವಾಗಲೆಂದು ನಾನೇ ಹೇಳಿಕೊಟ್ಟ ಮಾತದು. ಮಕ್ಕಳು ಅದನ್ನು ಚಾಚೂ ತಪ್ಪದೆ ಪಾಲಿಸಿದ್ದರು.

ರಟ್ಟಿನಲ್ಲಿ ಹತ್ತರ ನೋಟು, ಒಂದು ರೂಪಾಯಿಯ ಬಿಲ್ಲೆ ಕತ್ತರಿಸಿ ತರಗತಿಯಲ್ಲೇ ಕಿರಾಣಿ ಅಂಗಡಿ ಹೂಡಿದೆವು. ಕೈಯಲ್ಲಿ 52 ರೂಪಾಯಿ, ಕೊಳ್ಳುವುದು 27 ರೂಪಾಯಿಯ ಬೆಲ್ಲ. ಇರುವ ಬಿಲ್ಲೆ ಎರಡೇ, ಕೊಡಬೇಕಾದದ್ದು ಏಳು. “ಹತ್ತರ ನೋಟಿಗೆ ಚಿಲ್ಲರ ಕೊಡ್ರಿ” ಎಂದು ಮಕ್ಕಳೇ ಕೇಳಿದರು. ಐದು ನೋಟು ನಾಲ್ಕಾದವು, ಎರಡು ಬಿಲ್ಲೆ ಹನ್ನೆರಡಾದವು. ಕೊಟ್ಟ ಮೇಲೆ ಕೈಯಲ್ಲಿ ಉಳಿದದ್ದು 25.

ಮೂರು ವಾರದ ಬಳಿಕ ಅಂಥದೇ ಲೆಕ್ಕ ಕೊಟ್ಟೆ. ತಪ್ಪಿದವರು ನಾಲ್ವರು. ಹಾಜರಿ ತೆಗೆದು ನೋಡಿದರೆ, ಅಂಗಡಿ ಆಟದ ಎಷ್ಟೋ ದಿನ ಆ ನಾಲ್ವರು ಶಾಲೆಗೇ ಬಂದಿರಲಿಲ್ಲ. ದ್ರಾಕ್ಷಿ ಸುಗ್ಗಿಯ ಕಾಲ; ಅವ್ವಂದಿರು ತೋಟದ ಕೆಲಸಕ್ಕೆ ಹೋದರೆ ಮನೆಯಲ್ಲಿ ತಮ್ಮ, ತಂಗಿಯನ್ನು ಇವರೇ ನೋಡಿಕೊಳ್ಳಬೇಕು. ಅದು ನನ್ನ ಮುಂದಿನ ಪ್ರಶ್ನೆಯಾಯಿತು. “ಅವರನ್ನೂ ಕರಕೊಂಡ ಬರ್ರಿ” ಎಂದೆ. ಇಬ್ಬರು ಮರುದಿನವೇ ಬಂದರು. ಇನ್ನಿಬ್ಬರ ಮನೆಗೆ ನಾನೇ ಹೋದೆ.

ಬಬಲೇಶ್ವರದ ಕಡೆ ಕಲಿಸುವ ಗೆಳತಿಗೆ ಇದನ್ನೆಲ್ಲ ಹೇಳಿದ್ದೆ. ಎರಡೇ ದಿನಕ್ಕೆ ಆಕೆಯ ಫೋನು: “ನಮ್ಮ ಹುಡುಗರೂ 35 ಅಂದ್ರವಾ! ನಾನೂ ಅದನ್ನ ಹೇಳಿಕೊಟ್ಟಿದ್ದೆ.”

ನಿಮ್ಮ ಮನೆಯಲ್ಲೂ ಮಗು ಲೆಕ್ಕ ತಪ್ಪಿದರೆ, ಗದರುವ ಮೊದಲು ‘ಹೇಗೆ ಮಾಡಿದೆ?’ ಎಂದು ಒಮ್ಮೆ ಕೇಳಿ ನೋಡಿ.